ಬಹುಕಾಲ ನಿಂತಿದ್ದ ಎಂ35ಎ2 ಟ್ರಕ್: ಎಂಜಿನ್ ಮೊದಲೋ, ಬ್ರೇಕ್ ಮೊದಲೋ?

ಪ್ರಶ್ನೆ (ಆರುಚಕ್ರ)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸೇನೆಯಲ್ಲಿ ದುಡಿದು ವಿಲೇವಾರಿಯಾದ ಒಂದು ಎಂ35ಎ2 ಟ್ರಕ್ ನನ್ನ ಕೈಸೇರಿದೆ. ಎರಡೂವರೆ ಟನ್ ಹೊರೆ ಹೊರುವ ವರ್ಗದ, ಮೂರೂ ಆಕ್ಸಲ್‌ಗಳಿಗೆ ಚಾಲನೆಯಿರುವ ಗಾಡಿ ಇದು. ಎಂಜಿನ್ ಎಲ್‌ಡಿಟಿ-465, ಅಂದರೆ ಟರ್ಬೊ ಅಳವಡಿಸಿದ, 7.8 ಲೀಟರ್ ಸಾಮರ್ಥ್ಯದ, ಆರು ಸಿಲಿಂಡರಿನ ಬಹು-ಇಂಧನ ಎಂಜಿನ್. ಹಲವು ವರ್ಷ ಶೆಡ್ಡಿನಲ್ಲೇ ನಿಂತಿದ್ದ ಗಾಡಿಗೆ ಆಯಿಲ್, ನೀರು, ಬ್ಯಾಟರಿಗಳನ್ನು ನೋಡಿಕೊಂಡು ಸ್ಟಾರ್ಟ್ ಮಾಡಿದಾಗ ಎಂಜಿನ್ ಹತ್ತಿಕೊಂಡಿತು. ಆದರೆ ತಣ್ಣಗಿರುವಾಗ ಬಿಳಿ ಹೊಗೆ ಬರುತ್ತದೆ, ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ) ಒಂದೇ ಸಮನಾಗಿ ನಿಲ್ಲದೆ ಏರಿಳಿಯುತ್ತದೆ, ಬಿಸಿಯಾದ ಮೇಲೂ ಬಲ ಸಾಲದು. ಇಂಜೆಕ್ಷನ್ ಪಂಪಿನ ಬದಿಯಿಂದ ಡೀಸೆಲ್ ಸಣ್ಣಗೆ ಜಿನುಗುತ್ತಿದೆ.

ಬ್ರೇಕ್ ಪೆಡಲನ್ನು ಒಮ್ಮೆ ಒತ್ತಿದರೆ ಹೆಚ್ಚುಕಡಿಮೆ ನೆಲ ಮುಟ್ಟುತ್ತದೆ, ಕೂಡಲೇ ಮತ್ತೊಮ್ಮೆ ಒತ್ತಿದರೆ ಗಟ್ಟಿಯಾಗಿ ನಿಲ್ಲುತ್ತದೆ. ಬಲಬದಿಯ ಹಿಂಚಕ್ರವೊಂದರ ಒಳಮೈ ಒದ್ದೆಯಾಗಿದೆ. ಮೊದಲು ಎಂಜಿನ್ನನ್ನು ಸರಿಪಡಿಸಿಕೊಂಡು, ಬಯಲಿನಲ್ಲಿ ನಿಧಾನವಾಗಿ ಓಡಿಸುತ್ತ ಉಳಿದದ್ದನ್ನು ಪರೀಕ್ಷಿಸಬೇಕೆಂದಿದ್ದೇನೆ. ಈ ಕ್ರಮ ಸರಿಯೇ? ಈ ಎಂಜಿನ್ನಿನಲ್ಲಿ ಬಳಸಿದ ಎಂಜಿನ್ ಆಯಿಲನ್ನೂ ಡೀಸೆಲ್‌ಗೆ ಬೆರೆಸಿ ಉರಿಸಬಹುದೆಂದು ಕೆಲವರು ಹೇಳುತ್ತಾರೆ. ಅದರ ಬಗೆಗೂ ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ (ಬ್ರೇಕ್‌ಡ್ರಮ್)

ನೀವು ಹೇಳಿದ ಕ್ರಮವನ್ನು ದಯವಿಟ್ಟು ತಿರುಗಿಸಿಕೊಳ್ಳಿ. ಓಡದ ಗಾಡಿಯಿಂದ ಯಾರಿಗೂ ಅಪಾಯವಿಲ್ಲ, ಆದರೆ ಸುಮಾರು ಆರು ಟನ್ ತೂಗುವ ಈ ಗಾಡಿ ನಿಲ್ಲದೆ ಹೋದರೆ ಬಯಲೂ ಸಾಲದು.

ಈ ಟ್ರಕ್ಕಿನ ಹೈಡ್ರಾಲಿಕ್ ಬ್ರೇಕ್ ಒಂದೇ ಸರ್ಕ್ಯೂಟಿನದು. ಏರ್-ಪ್ಯಾಕ್ ಎಂದು ಕರೆಯುವ ಘಟಕವು ಗಾಳಿಯ ಒತ್ತಡದಿಂದ ನಿಮ್ಮ ಕಾಲಿನ ಬಲವನ್ನು ಹೆಚ್ಚಿಸುತ್ತದೆ. ಗಾಳಿ ಇಲ್ಲದಿದ್ದರೂ ಪೆಡಲ್ ಬಹಳ ಭಾರವಾಗಿ, ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ, ಆದರೆ ಚಕ್ರದೊಳಗೆ ಬ್ರೇಕ್ ಶೂಗಳನ್ನು ತಳ್ಳುವ ಒಂದು ವೀಲ್ ಸಿಲಿಂಡರ್ ಒಡೆದರೆ ಅಥವಾ ಒಂದು ಹೋಸ್ ಬಿರಿದರೆ ಎಲ್ಲ ಚಕ್ರಗಳ ಬ್ರೇಕ್ ಒಟ್ಟಿಗೇ ಹೋಗುತ್ತದೆ. ಹ್ಯಾಂಡ್‌ಬ್ರೇಕ್ ಇದೆಯಲ್ಲ ಎಂದು ಧೈರ್ಯ ತಂದುಕೊಳ್ಳಬೇಡಿ. ಅದು ಚಕ್ರಗಳನ್ನಲ್ಲ, ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದಿರುವ ಡ್ರಮ್ಮನ್ನು ಹಿಡಿಯುವಂಥದ್ದು, ನಿಂತ ಗಾಡಿಯನ್ನು ನಿಲ್ಲಿಸಿಡುವುದಕ್ಕಾಗಿ ಇರುವಂಥದ್ದು.

ಎರಡನೆಯ ಒತ್ತಿಗೆ ಪೆಡಲ್ ಗಟ್ಟಿಯಾಗುತ್ತಿದೆ ಎಂದರೆ ಶೂಗಳು (ಡ್ರಮ್ಮಿನ ಒಳಗೋಡೆಗೆ ಒತ್ತಿ ಚಕ್ರ ನಿಲ್ಲಿಸುವ ಭಾಗಗಳು) ಡ್ರಮ್ಮಿನಿಂದ ಬಹಳ ದೂರ ಸರಿದಿರಬೇಕು, ಇಲ್ಲವೇ ಪೈಪುಗಳಲ್ಲಿ ಗಾಳಿ ಸೇರಿರಬೇಕು. ಒದ್ದೆಯಿರುವ ಚಕ್ರವನ್ನಷ್ಟೇ ಬಿಚ್ಚಿ ಸುಮ್ಮನಾಗದೆ, ಆರೂ ಡ್ರಮ್ಮುಗಳನ್ನು ತೆಗೆಯಿರಿ. ಪ್ರತಿ ವೀಲ್ ಸಿಲಿಂಡರಿನ ತುದಿಯ ರಬ್ಬರ್ ಬೂಟನ್ನು ಹೆಬ್ಬೆರಳಿನಿಂದ ಮೆಲ್ಲನೆ ಸರಿಸಿ ನೋಡಿ. ಒಳಗೆ ಬರಿಯ ಪಸೆ ಇದ್ದರೆ ಚಿಂತೆಯಿಲ್ಲ, ಹನಿ ಇಳಿದುಬಂದರೆ ಆ ಸಿಲಿಂಡರ್ ಮುಗಿಯಿತೆಂದೇ ತಿಳಿಯಬೇಕು. ಬೋರಿನ ತಳಭಾಗದಲ್ಲಿ ತುಕ್ಕು ಗುಳಿ ಬಿದ್ದಿದ್ದರೆ ಒಳಗಿನ ರಬ್ಬರ್ ಸೀಲಾದ ಕಪ್ಪನ್ನು ಹೊಸದು ಹಾಕಿದರೂ ಹೆಚ್ಚು ದಿನ ತಡೆಯದು. ಹಳೆಯ ಶೂಗಳಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ಧೂಳನ್ನು ಏರ್ ಹೋಸಿನಿಂದ ಊದಬೇಡಿ, ತೇವ ಮಾಡಿ ಒರೆಸಿ ತೆಗೆಯಿರಿ.

ಬ್ರೇಕ್ ಆಯಿಲ್ ವಿಚಾರದಲ್ಲಿ ಇನ್ನೂ ಎಚ್ಚರ ಬೇಕು. ಈ ಟ್ರಕ್ಕುಗಳಿಗೆ ಸೇನೆಯು ನಂತರದ ವರ್ಷಗಳಲ್ಲಿ ಡಾಟ್ 5 ಸಿಲಿಕೋನ್ ಆಯಿಲ್ ಬಳಸಿತು. ಅದು ಸಾಮಾನ್ಯ ಗಾಡಿಗಳ ಡಾಟ್ 3 ಅಥವಾ ಡಾಟ್ 4 ಬ್ರೇಕ್ ಆಯಿಲಿನ ಜೊತೆ ಬೆರೆಯುವುದಿಲ್ಲ. ಸಿಲಿಕೋನ್ ಆಯಿಲ್ ನೀರನ್ನು ಹೀರಿಕೊಳ್ಳುವುದಿಲ್ಲವೆಂಬುದು ನಿಂತೇ ಇರುವ ಗಾಡಿಗೆ ಅನುಕೂಲ, ಆದರೆ ಒಳಸೇರಿದ ನೀರು ಹಾಗೆಯೇ ತಗ್ಗಿನಲ್ಲಿ ನಿಂತು ಅಲ್ಲಿಯೇ ತುಕ್ಕು ಹಿಡಿಸುತ್ತದೆ. ನಿಮ್ಮ ಗಾಡಿಯಲ್ಲಿ ಯಾವುದಿದೆ ಎಂಬುದು ಖಚಿತವಾಗುವವರೆಗೆ ಮೇಲಿನಿಂದ ಏನನ್ನೂ ತುಂಬಬೇಡಿ. ಶೂಗಳ ಹೊಂದಾಣಿಕೆಯ ಕ್ರಮ ಸೇನೆಯ ಟಿಎಂ (ಟೆಕ್ನಿಕಲ್ ಮ್ಯಾನುಯಲ್) 9-2320-361-20 ಕೈಪಿಡಿಯಲ್ಲಿದೆ, ಚಾಲಕನ ಕೈಪಿಡಿ ಅದೇ ಸರಣಿಯ -10. ಈ ಎರಡೂ ಇಲ್ಲದೆ ಸ್ಪ್ಯಾನರ್ ಹಿಡಿಯದಿರುವುದು ಒಳ್ಳೆಯದು.

ಉತ್ತರ (ಡೀಸೆಲ್‌ಪಂಪ್)

ಮೇಲಿನವರ ಮಾತನ್ನು ಒಪ್ಪುತ್ತೇನೆ. ಬ್ರೇಕಿನ ಭಾಗಗಳು ಬರುವವರೆಗೆ ಇಂಧನದ ಕಡೆ ನೋಡಬಹುದು.

ಐಡಲ್ ಏರಿಳಿಯುವುದು, ಬಲ ಸಾಲದಿರುವುದು, ಎರಡೂ ಬಹುತೇಕ ಇಂಧನದ ಕೊರತೆಯ ಅಥವಾ ಲೈನಿನಲ್ಲಿ ಗಾಳಿ ಸೇರಿದುದರ ಲಕ್ಷಣ. ಟ್ಯಾಂಕಿನಿಂದಲೇ ಆರಂಭಿಸಿ. ಸ್ವಿಚ್ ಹಾಕಿ, ಎಂಜಿನ್ ತಿರುಗಿಸದೆ ಟ್ಯಾಂಕಿಗೆ ಕಿವಿಗೊಟ್ಟರೆ ಒಳಗಿನ ವಿದ್ಯುತ್ ಪಂಪಿನ ಗುಂಯ್‌ಗುಡುವಿಕೆ ಕೇಳಬೇಕು. ಅದು ಕೆಟ್ಟಿದ್ದರೂ ಎಂಜಿನ್ ಓಡಬಹುದಾದ್ದರಿಂದ ಬಹಳ ಜನ ಅದನ್ನು ಗಮನಿಸುವುದೇ ಇಲ್ಲ. ನಂತರ ಪ್ರೈಮರಿ ಫಿಲ್ಟರಿನ ಕೆಳಗಿನ ಕಾಕ್ ತೆರೆದು ಗಾಜಿನ ಜಾಡಿಯೊಂದಕ್ಕೆ ಡೀಸೆಲ್ ಇಳಿಸಿ, ಸ್ವಲ್ಪ ಹೊತ್ತು ಅಲುಗಿಸದೆ ಇಡಿ. ನೀರಿದ್ದರೆ ತಳದಲ್ಲಿ ಗೆರೆ ಎಳೆದಂತೆ ಬೇರೆಯಾಗಿ ಕಾಣುತ್ತದೆ. ಆ ಗೆರೆಯ ಬಳಿ ಕಪ್ಪು ಲೋಳೆ ತೇಲುತ್ತಿದ್ದರೆ ಸೂಕ್ಷ್ಮಜೀವಿಗಳು ಬೆಳೆದಿವೆ ಎಂದರ್ಥ, ಆಗ ಫಿಲ್ಟರ್ ಬದಲಿಸಿದರಷ್ಟೇ ಸಾಲದು, ಟ್ಯಾಂಕನ್ನೇ ಇಳಿಸಿ ತೊಳೆಯಬೇಕು. ಪಂಪಿನ ಬದಿಯ ಜಿನುಗು ಅಲ್ಲಿರುವ ಇಂಧನ-ಸಾಂದ್ರತೆ ಸರಿದೂಗಿಸುವ ಘಟಕದ್ದಿರಬಹುದು. ಬೇರೆ ಬೇರೆ ಇಂಧನಕ್ಕೆ ತಕ್ಕಂತೆ ಪ್ರಮಾಣವನ್ನು ಹೊಂದಿಸುವುದು ಅದರ ಕೆಲಸ, ವಯಸ್ಸಾದಂತೆ ಸೋರುವುದು ಅದರ ಗುಣ. ಡೀಸೆಲ್ ಒಂದನ್ನೇ ಬಳಸುವವರು ಅದನ್ನು ಬೈಪಾಸ್ ಮಾಡುವುದುಂಟು.

ಬಳಸಿದ ಎಂಜಿನ್ ಆಯಿಲ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಬೇಡ. ಅದು ಉರಿಯುತ್ತದೆ ಎಂಬುದು ನಿಜ, ಏಕೆಂದರೆ ಮ್ಯಾನ್ ಕಂಪನಿಯ ವಿಧಾನವನ್ನು ಆಧರಿಸಿದ ಈ ಎಂಜಿನ್ನಿನಲ್ಲಿ ಇಂಧನವು ಪಿಸ್ಟನ್ನಿನ ಗುಂಡಿಯ ಗೋಡೆಗೆ ತೆಳುವಾಗಿ ಹರಡಿ ಅಲ್ಲಿಂದ ಆವಿಯಾಗುತ್ತ ಉರಿಯುತ್ತದೆ. ಆದರೆ ಆ ಆಯಿಲಿನಲ್ಲಿರುವ ಲೋಹದ ಕಣಗಳು ಮೊದಲು ಹಾಯುವುದು ಪಂಪಿನ ಹೈಡ್ರಾಲಿಕ್ ಹೆಡ್ಡಿನೊಳಗೆ. ಆರೂ ಸಿಲಿಂಡರುಗಳಿಗೆ ಇಂಧನ ಕೊಡುವುದು ಅಲ್ಲಿರುವ ಒಂದೇ ಪ್ಲಂಜರ್. ಅದು ಗೀರಿದರೆ ಅಥವಾ ಅಂಟು ಹಿಡಿದು ಸಿಕ್ಕಿಕೊಂಡರೆ ಉಳಿಸಿದ ಡೀಸೆಲಿನ ಲೆಕ್ಕವೆಲ್ಲ ಅಲ್ಲಿಗೇ ಮುಗಿಯುತ್ತದೆ.

ಇನ್ನೊಂದು ಮಾತು. ಸ್ವಿಚ್ ಆರಿಸಿದರೆ ಈ ಎಂಜಿನ್ ನಿಲ್ಲುವುದಿಲ್ಲ, ಇಂಧನ ಕಡಿಯುವ ಕೇಬಲ್ ಎಳೆದರೆ ಮಾತ್ರ ನಿಲ್ಲುತ್ತದೆ. ಆ ಕೇಬಲ್ ಸಲೀಸಾಗಿ ಬರುತ್ತದೆಯೇ ಎಂದು ಪ್ರತಿ ಸಲ ಸ್ಟಾರ್ಟ್ ಮಾಡುವ ಮೊದಲು ನೋಡಿಕೊಳ್ಳಿ. ಗಾಳಿ ಒಳಬರುವ ಬಾಯಿಯನ್ನು ಮುಚ್ಚಲು ಒಂದು ಹಲಗೆ ಹತ್ತಿರವಿರಲಿ, ಎಂಜಿನ್ ಅಂಕೆ ತಪ್ಪಿದರೆ ಅದೇ ಉಪಾಯ. ಬರಿಗೈಯನ್ನು ಮಾತ್ರ ಅಡ್ಡ ಇಡಬೇಡಿ.

ಉತ್ತರ (ಲಾಕ್‌ರಿಂಗ್)

ಚಕ್ರ ಬಿಚ್ಚುವ ಮೊದಲು ಎರಡು ವಿಷಯ. ಎಡಬದಿಯ ನಟ್ಟುಗಳು ಎಡ ತಿರುಪಿನವು, ಸಾಮಾನ್ಯಕ್ಕೆ ವಿರುದ್ಧವಾಗಿ ತಿರುಗಿಸಬೇಕು. ಇದನ್ನರಿಯದೆ ಉದ್ದನೆಯ ಪೈಪ್ ಹಾಕಿ ಸ್ಟಡ್ ಮುರಿಯುವವರು ಬಹಳ. ಎರಡನೆಯದಾಗಿ, ಟೈರನ್ನು ರಿಮ್ಮಿನಲ್ಲಿ ಹಿಡಿದಿಡುವ ಉಕ್ಕಿನ ಲಾಕ್ ರಿಂಗಿಗೆ ತುಕ್ಕು ಹಿಡಿದಿದ್ದರೆ ಅಥವಾ ಅದು ಬಾಗಿದ್ದರೆ ಗಾಳಿ ತುಂಬುವಾಗ ಸಿಡಿದು ಪ್ರಾಣ ತೆಗೆಯಬಲ್ಲದು. ಟೈರನ್ನು ಬೇರ್ಪಡಿಸುವುದಿದ್ದರೆ ಮೊದಲು ವಾಲ್ವಿನ ಪಿನ್ ತೆಗೆದು ಗಾಳಿಯನ್ನು ಪೂರ್ತಿ ಬಿಡಿ. ಮತ್ತೆ ತುಂಬುವಾಗ ಕಬ್ಬಿಣದ ಪಂಜರದೊಳಗಿಟ್ಟು, ಉದ್ದನೆಯ ಹೋಸ್ ಹಿಡಿದು, ರಿಂಗಿನ ಎದುರು ನಿಲ್ಲದೆ ತುಂಬಿ.

ಮರುಪ್ರಶ್ನೆ (ಆರುಚಕ್ರ)

ಎಲ್ಲರಿಗೂ ಧನ್ಯವಾದಗಳು. ಒದ್ದೆಯಿದ್ದ ಚಕ್ರದ ಡ್ರಮ್ ತೆಗೆದೆ. ಆಶ್ಚರ್ಯವೆಂದರೆ ಆ ಸಿಲಿಂಡರ್ ಒಣಗಿಯೇ ಇದೆ. ಒದ್ದೆಯಾಗಿರುವುದು ಮಂದವಾದ, ಗಂಧಕದ ವಾಸನೆಯ ಎಣ್ಣೆಯಿಂದ, ಶೂಗಳಿಗೂ ಹತ್ತಿದೆ. ಶೂಗಳನ್ನು ತೊಳೆದು ಮತ್ತೆ ಬಳಸಬಹುದೇ?

ಉತ್ತರ (ಬ್ರೇಕ್‌ಡ್ರಮ್)

ವಾಸನೆಯೇ ಹೇಳುವಂತೆ ಅದು ಆಕ್ಸಲಿನ ಗೇರ್ ಆಯಿಲ್. ಹಬ್ಬಿನ ಸೀಲುಗಳನ್ನು ದಾಟಿ ಬಂದಿದೆ. ದಾರಿಯಲ್ಲಿ ಬೇರಿಂಗಿನ ಗ್ರೀಸನ್ನೂ ತೊಳೆದುಕೊಂಡು ಬಂದಿರುವುದರಿಂದ ಎರಡೂ ಬೇರಿಂಗುಗಳನ್ನು ತೆಗೆದು, ಪೂರ್ತಿ ಸ್ವಚ್ಛಗೊಳಿಸಿ, ರೋಲರುಗಳನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿ, ಹೊಸ ಗ್ರೀಸ್ ತುಂಬಿ. ಸೀಲ್ ಬದಲಿಸುವ ಮೊದಲು ಆಕ್ಸಲಿನ ಮೇಲಿರುವ ಬ್ರೀದರನ್ನು ನೋಡಿ. ಅದು ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಬಿಸಿಯಾದಾಗ ಒಳಗಿನ ಒತ್ತಡಕ್ಕೆ ಹೊರದಾರಿ ಸಿಗದೆ ಎಣ್ಣೆ ಸೀಲಿನ ಮೂಲಕವೇ ನುಗ್ಗುತ್ತದೆ, ಆಗ ಹೊಸ ಸೀಲೂ ಉಳಿಯುವುದಿಲ್ಲ.

ಎಣ್ಣೆ ಕುಡಿದ ಶೂಗಳನ್ನು ತೊಳೆದು ಬಳಸಬೇಡಿ. ಮೇಲ್ಮೈ ಒಣಗಿದಂತೆ ಕಂಡರೂ ಡ್ರಮ್ ಬಿಸಿಯೇರಿದಾಗ ಒಳಗಿನ ಎಣ್ಣೆ ಹೊರಬರುತ್ತದೆ. ಅದೇ ಆಕ್ಸಲಿನ ಎಡಬದಿಯ ಶೂಗಳನ್ನೂ ಜೊತೆಗೇ ಬದಲಿಸಿ, ಇಲ್ಲದಿದ್ದರೆ ಬ್ರೇಕ್ ಒತ್ತಿದಾಗ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಉಳಿದ ಐದು ಡ್ರಮ್ಮುಗಳನ್ನು ತೆಗೆದ ಮೇಲೆ ಸಿಲಿಂಡರುಗಳ ಸ್ಥಿತಿಯನ್ನು ಇಲ್ಲಿ ಬರೆಯಿರಿ.