ಚಿಪ್ ವಿನ್ಯಾಸದ ಭಾಷೆ ವೆರಿಲಾಗ್‌ನಲ್ಲಿ #5 (5 ಘಟಕ ಸಮಯದ ಡಿಲೇ, ಅಂದರೆ ತಡ) ಎಲ್ಲಿ ಬರೆದರೂ ಒಂದೇ ಅಲ್ಲವೇ?

ವಿಎಲ್‌ಎಸ್‌ಐ ವಿದ್ಯಾರ್ಥಿ: ಆಲ್ವೇಸ್ @(ಎ) ಬ್ಲಾಕ್‌ನಲ್ಲಿ, ಅಂದರೆ ಎ ಬದಲಾದಾಗ ಓಡುವ ಭಾಗದಲ್ಲಿ, ಮೊದಲು ‘#5 ವೈ = ಎ;’ ಎಂದು ಬರೆದೆ, ಆಮೇಲೆ ‘ವೈ = #5 ಎ;’ ಎಂದು ಬದಲಿಸಿದೆ. ಆರಂಭದಲ್ಲಿ ಎರಡು ಸಿಗ್ನಲ್‌ಗಳೂ 0. ಎ 10ನೇ ನ್ಯಾನೋಸೆಕೆಂಡಿಗೆ 1 ಆಗಿ, 12ಕ್ಕೆ ಮತ್ತೆ 0 ಆಗುತ್ತದೆ. ವೇವ್‌ಫಾರ್ಮ್ ಬೇರೆ ಬೇರೆ ಬರುತ್ತಿದೆ. ಸಿಮ್ಯುಲೇಟರ್ ಕೈಕೊಟ್ಟಿತೇ?

ಗೇಟ್ ಕಾಯುವವ: ಇಲ್ಲ, ನೀವು ಹೇಳಿದ್ದನ್ನೇ ಮಾಡಿದೆ. ಮೊದಲನೆಯದು ಕಾದು ಆಮೇಲೆ ಎ ಓದುತ್ತದೆ. 15ಕ್ಕೆ ನೋಡುವ ಹೊತ್ತಿಗೆ ಎ 0. ನಡುವೆ 1 ಬಂದು ಹೋದದ್ದು ವೈಗೆ ಗೊತ್ತೇ ಆಗುವುದಿಲ್ಲ. ಎರಡನೆಯದು 10ಕ್ಕೇ ಎ ಓದಿಟ್ಟುಕೊಂಡು 15ಕ್ಕೆ ವೈಗೆ 1 ಕೊಡುತ್ತದೆ. ಆದರೆ 12ರಲ್ಲಿ ಬ್ಲಾಕ್ ಇನ್ನೂ ಕಾಯುತ್ತಿತ್ತು, ಆ ಬದಲಾವಣೆ ತಪ್ಪಿಹೋಯಿತು. ಹಾಗಾಗಿ ಎ 0 ಇದ್ದರೂ ವೈ 1ರಲ್ಲೇ ಕೂರುತ್ತದೆ. ಎರಡರಲ್ಲಿ ಇದೇ ಕೆಟ್ಟದ್ದು. ‘ವೈ <= #5 ಎ;’ ಬರೆದು ನೋಡಿ, ಅದರಲ್ಲಿ ಬ್ಲಾಕ್ ಕಾಯುತ್ತ ನಿಲ್ಲುವುದಿಲ್ಲ: 15ಕ್ಕೆ 1, 17ಕ್ಕೆ 0.

ವಿಎಚ್‌ಡಿಎಲ್ ಹಳಬ: ‘ಅಸೈನ್ #5 ವೈ = ಎ;’ ಮರೆತಿರಲ್ಲ! ಅಲ್ಲಿ 5ಕ್ಕಿಂತ ಕಿರಿದಾದ ಪಲ್ಸನ್ನು ನುಂಗಿಬಿಡುತ್ತದೆ, ವೈ 0ಯಿಂದ ಅಲುಗುವುದಿಲ್ಲ. ಇನರ್ಶಿಯಲ್ ಡಿಲೇ ಎಂದರೆ ಇದು. ನಮ್ಮ ವಿಎಚ್‌ಡಿಎಲ್ ಭಾಷೆಯಲ್ಲಿ ‘ಆಫ್ಟರ್ 5 ಎನ್‌ಎಸ್’ ಎಂದರೆ ಇನರ್ಶಿಯಲ್. ಕಿರಿದಾದ ಪಲ್ಸನ್ನೂ ದಾಟಿಸುವ ಡಿಲೇ ಬೇಕಿದ್ದರೆ ‘ಟ್ರಾನ್ಸ್‌ಪೋರ್ಟ್’ ಎಂದು ಬಾಯಿಬಿಟ್ಟು ಹೇಳಬೇಕು. ವೆರಿಲಾಗ್‌ನಲ್ಲಿ ಆ # ಎಲ್ಲಿ ಕೂತಿದೆ ಎಂದು ಹುಡುಕಿ ಅರ್ಥ ಮಾಡಿಕೊಳ್ಳಬೇಕು. ಇದು ಭಾಷೆಯ ದೋಷವೇ.

ಎಫ್‌ಪಿಜಿಎ ಕೆಲಸಗಾರ: ಸಿಂಥೆಸಿಸ್ (ಕೋಡನ್ನು ಸರ್ಕ್ಯೂಟ್ ಆಗಿಸುವ ಹಂತ) ಇವನ್ನೆಲ್ಲ ಕಡೆಗಣಿಸುತ್ತದೆ ಎಂಬುದನ್ನು ಮೊದಲು ಹೇಳಿ, ಸ್ವಾಮಿ. #5 ಬರೆದ ಮಾತ್ರಕ್ಕೆ ಚಿಪ್‌ನಲ್ಲಿ 5 ನ್ಯಾನೋಸೆಕೆಂಡ್ ತಡ ಹುಟ್ಟುವುದಿಲ್ಲ. ಡಿಲೇ ಇರಬೇಕಾದದ್ದು ಡಿಸೈನ್ ಪರೀಕ್ಷಿಸುವ ಟೆಸ್ಟ್‌ಬೆಂಚ್ ಕೋಡ್‌ನಲ್ಲಿ, ಕ್ಲಾಕ್ ಸಿಗ್ನಲ್ ಹೊಡೆಯುವುದಕ್ಕೆ. ಡಿಸೈನ್‌ನಲ್ಲಿ ಕಂಡರೆ ಅಳಿಸುತ್ತೇನೆ.

ಗೇಟ್ ಕಾಯುವವ: ಅಷ್ಟು ಖಡಾಖಂಡಿತ ಬೇಡ. ಕ್ಲಾಕ್ ಅಂಚಿನಲ್ಲಿ ಒಂದು ಬಿಟ್ ಹಿಡಿದಿಡುವ ಫ್ಲಿಪ್‌ಫ್ಲಾಪ್‌ಗಳಲ್ಲಿ ‘ಕ್ಯು <= #1 ಡಿ;’ ಬರೆಯುವವರು ಬೇಕಾದಷ್ಟು ಜನ. ಕ್ಲಾಕ್ ಅಂಚಿನ ಆಚೆಗೆ ಕ್ಯು ಬದಲಾಗುವುದು ವೇವ್‌ಫಾರ್ಮ್‌ನಲ್ಲಿ ಕಣ್ಣಿಗೆ ಕಾಣುತ್ತದೆ. ಡಿಲೇ ಇರುವ ನೆಟ್‌ಲಿಸ್ಟ್‌ಗೆ (ಗೇಟ್‌ಗಳ ಜೋಡಣೆಯ ಪಟ್ಟಿ) ನಿಮ್ಮ ಕೋಡ್ ಜೋಡಿಸಿದಾಗ ಹೋಲ್ಡ್ ದೂರುಗಳೂ, ಅಂದರೆ ಅಂಚಿನ ನಂತರ ಡೇಟಾ ಬೇಗ ಬದಲಾಯಿತೆಂಬ ಎಚ್ಚರಿಕೆಗಳೂ, ಕಡಿಮೆಯಾಗುತ್ತವೆ.

ಎಫ್‌ಪಿಜಿಎ ಕೆಲಸಗಾರ: ಆ 1 ಎಂದರೆ ಎಷ್ಟು? ಫೈಲ್‌ನಲ್ಲಿ ಟೈಮ್‌ಸ್ಕೇಲ್ (# ಅಂಕಿಯ ಸಮಯದ ಘಟಕ ಹೇಳುವ ಸಾಲು) ಇಲ್ಲದಿದ್ದರೆ ಹಿಂದೆ ಕಂಪೈಲ್ ಆದ ಫೈಲ್‌ನದ್ದೇ ಅಂಟಿಕೊಳ್ಳಬಹುದು. ಕಂಪೈಲ್ ಕ್ರಮ ಬದಲಾದರೆ 1 ಪಿಕೋಸೆಕೆಂಡ್ ಹೋಗಿ 1 ನ್ಯಾನೋಸೆಕೆಂಡ್ ಆದೀತು. ಕ್ಲಾಕ್ ಅವಧಿಯೇ 1 ನ್ಯಾನೋಸೆಕೆಂಡ್ ಇದ್ದರೆ ಮುಂದೆ?

ವಿಎಲ್‌ಎಸ್‌ಐ ವಿದ್ಯಾರ್ಥಿ: ‘<=’ ಹಾಕಿದೆ, 15 ಮತ್ತು 17 ಸರಿಯಾಗಿ ಬಂತು. ಟೈಮ್‌ಸ್ಕೇಲ್ ಮಾತ್ರ ಒಂದೇ ಫೈಲ್‌ನಲ್ಲಿದೆ, ಉಳಿದವಕ್ಕೂ ಈಗಲೇ ಸೇರಿಸುತ್ತೇನೆ.