ಕಾರಿನ ಮೀಟರ್ ಬೋರ್ಡಿನ ಬೆಳಕು ತಗ್ಗುತ್ತಿಲ್ಲ: ಡಿಮ್ಮರ್ ಬದಲಿಸುವ ಮೊದಲು ಏನೇನು ನೋಡಬೇಕು?

ಸಾಗರದಿಂದ ಪ್ರಶ್ನೆ

ನನ್ನ ಬಳಿ ಸುಮಾರು ಇಪ್ಪತ್ತು ವರ್ಷ ಹಳೆಯ, ಜಪಾನಿ ವಿನ್ಯಾಸದ ಪೆಟ್ರೋಲ್ ಕಾರು ಇದೆ. ಮೀಟರ್ ದೀಪಗಳ ಬೆಳಕನ್ನು ಹೆಚ್ಚು ಕಡಿಮೆ ಮಾಡಲು ಸ್ಟಿಯರಿಂಗಿನ ಪಕ್ಕದಲ್ಲಿ ಡಿಮ್ಮರ್ ಎಂಬ ಒಂದು ಚಿಕ್ಕ ಚಕ್ರವಿದ್ದು, ಕೆಲವು ತಿಂಗಳಿಂದ ಅದನ್ನು ಎತ್ತ ತಿರುಗಿಸಿದರೂ ಏನೂ ಆಗುತ್ತಿಲ್ಲ. ಪಾರ್ಕಿಂಗ್ ಲೈಟ್ ಹಾಕಿದೊಡನೆ ಮೀಟರ್ ಬೋರ್ಡು, ಎಸಿ ಗುಂಡಿಗಳು ಎಲ್ಲವೂ ಪೂರ್ತಿ ಪ್ರಖರವಾಗಿ ಉರಿಯುತ್ತವೆ. ರಾತ್ರಿ ಮಂಜಿನಲ್ಲಿ ಘಾಟಿ ಇಳಿಯುವಾಗ ಆ ಬೆಳಕು ಮುಂದಿನ ಗಾಜಿಗೆ ಹೊಡೆದು ರಸ್ತೆಯ ಅಂಚೇ ಕಾಣದಂತಾಗುತ್ತದೆ. ಹಿಂದಿನ ದೀಪ, ನಂಬರ್ ಪ್ಲೇಟ್ ದೀಪ ಚೆನ್ನಾಗಿವೆ, ಫ್ಯೂಸ್ ಹೋಗಿಲ್ಲ. ಗ್ಯಾರೇಜಿನವರು ಡಿಮ್ಮರ್ ಒಳಗೇ ಶಾರ್ಟ್ ಆಗಿದೆ, ಬದಲಿಸಲೇಬೇಕು ಎನ್ನುತ್ತಾರೆ. ಆದರೆ ಹೊಸದು ಎಲ್ಲೂ ಸಿಗುತ್ತಿಲ್ಲ. ಕಳೆದ ವರ್ಷ ಸ್ಟೀರಿಯೊ ಬದಲಿಸಿದ್ದು ಬಿಟ್ಟರೆ ವೈರಿಂಗನ್ನು ಯಾರೂ ಮುಟ್ಟಿಲ್ಲ. ನನ್ನ ಬಳಿ ಮಲ್ಟಿಮೀಟರ್ ಇದೆ, ಅದನ್ನು ಬಳಸಲೂ ಬರುತ್ತದೆ. ಅನುಭವ ಇರುವವರು ದಯವಿಟ್ಟು ದಾರಿ ತೋರಿಸಿ.

ಹುಬ್ಬಳ್ಳಿಯಿಂದ, ಆಟೋ ಎಲೆಕ್ಟ್ರಿಷಿಯನ್

ಸರ್, ಹೊಸ ಡಿಮ್ಮರ್ ಹುಡುಕುವುದನ್ನು ಸದ್ಯಕ್ಕೆ ನಿಲ್ಲಿಸಿ, ಈಗಿರುವ ಡಿಮ್ಮರಿನ ಪ್ಲಗ್ ಕಿತ್ತು ಪಾರ್ಕಿಂಗ್ ಲೈಟ್ ಹಾಕಿ ನೋಡಿ. ಹಳೆಯ ಮಾದರಿಯ ಕಾರಿನಲ್ಲಿ ಮೀಟರ್ ದೀಪಗಳ ಕರೆಂಟೆಲ್ಲ ಡಿಮ್ಮರಿನ ಮೂಲಕವೇ ಹಾದುಹೋಗಬೇಕಾಗಿರುವುದರಿಂದ, ಪ್ಲಗ್ ಕಿತ್ತಾಗ ಆ ದೀಪಗಳು ಆರಲೇಬೇಕು. ಆರಿದರೆ ಗ್ಯಾರೇಜಿನವರ ಮಾತು ನಿಜವಿರಬಹುದು. ಆರದೆ ಹಾಗೆಯೇ ಉರಿದರೆ ಕರೆಂಟು ಡಿಮ್ಮರನ್ನು ಬಿಟ್ಟು ಬೇರೆ ದಾರಿ ಹಿಡಿದಿದೆ ಎಂದರ್ಥ, ಆಗ ಹೊಸ ಡಿಮ್ಮರ್ ಹಾಕಿದರೂ ಪರಿಸ್ಥಿತಿ ಇದೇ ಇರುತ್ತದೆ. ಬೆಳಕು ತಗ್ಗದ ಕಾರುಗಳಲ್ಲಿ ಡಿಮ್ಮರನ್ನೇ ದೂರುವುದು ವಾಡಿಕೆ, ಆದರೆ ಹಾಗೆ ನನ್ನ ಬಳಿ ಬಂದ ಕಾರುಗಳಲ್ಲಿ ಬಹಳಷ್ಟರ ಡಿಮ್ಮರ್ ಸರಿಯಾಗಿಯೇ ಇತ್ತು.

ಇನ್ನು ಡಿಮ್ಮರ್ ಯಾವ ಬದಿಯಲ್ಲಿದೆ ಎಂಬುದನ್ನು ತಿಳಿದುಕೊಳ್ಳಬೇಕು. ಬ್ರಿಟಿಷ್ ಮೂಲದ ಹಳೆಯ ಕಾರುಗಳಲ್ಲಿ ಡಿಮ್ಮರ್ ದೀಪಗಳಿಗಿಂತ ಮುಂಚೆ, ಅಂದರೆ ಪಾಸಿಟಿವ್ ಬದಿಯಲ್ಲಿರುತ್ತದೆ. ಲುಕಾಸ್ ಎಂಬ ಬ್ರಿಟಿಷ್ ಕಂಪನಿಯ ವೈರು ಬಣ್ಣಗಳ ಪದ್ಧತಿಯಲ್ಲಿ ಪಾರ್ಕಿಂಗ್ ದೀಪದ ವೈರು ಕೆಂಪು, ಡಿಮ್ಮರ್ ದಾಟಿ ಮೀಟರಿಗೆ ಹೋಗುವ ವೈರು ಕೆಂಪಿನ ಮೇಲೆ ಬಿಳಿ ಗೀರು. ಜಪಾನಿ ಕಾರುಗಳಲ್ಲಿ ಹಲವು ಇದಕ್ಕೆ ವಿರುದ್ಧ. ಅವುಗಳಲ್ಲಿ ಪಾರ್ಕಿಂಗ್ ಲೈಟ್ ಹಾಕಿದೊಡನೆ ಎಲ್ಲ ಮೀಟರ್ ಬಲ್ಬುಗಳಿಗೂ ಪೂರ್ತಿ 12 ವೋಲ್ಟ್ ಸಿಗುತ್ತದೆ, ಮತ್ತು ಬಲ್ಬುಗಳಿಂದ ಹೊರಟ ರಿಟರ್ನ್ ವೈರುಗಳೆಲ್ಲ ಒಂದಾಗಿ ಡಿಮ್ಮರಿನ ಮೂಲಕ ಕಾರಿನ ಲೋಹದ ಬಾಡಿಗೆ ಸೇರಿ ಅರ್ತ್ ಆಗುತ್ತವೆ, ಅಂದರೆ ಬ್ಯಾಟರಿಯ ನೆಗೆಟಿವ್‌ಗೆ ಮರಳುತ್ತವೆ. ಈ ವ್ಯವಸ್ಥೆಯಲ್ಲಿ ರಿಟರ್ನ್ ವೈರು ದಾರಿಯಲ್ಲಿ ಎಲ್ಲಾದರೂ ಸವೆದು ಬಾಡಿಗೆ ತಗುಲಿದರೆ ಫ್ಯೂಸ್ ಹೋಗುವುದಿಲ್ಲ, ಕಿಡಿ ಬರುವುದಿಲ್ಲ, ಸುಟ್ಟ ವಾಸನೆಯೂ ಇರುವುದಿಲ್ಲ. ಬಲ್ಬುಗಳು ನೇರವಾಗಿ ಅರ್ತ್ ಆಗಿ ಪೂರ್ತಿ ಬೆಳಕು ಕೊಡುತ್ತವೆ, ಅಷ್ಟೇ. ನೀವು ಹೇಳುತ್ತಿರುವ ಲಕ್ಷಣ ಇದಕ್ಕೆ ಸರಿಯಾಗಿ ಹೊಂದುತ್ತದೆ.

ನಿಮ್ಮ ಕಾರಿನದು ಈ ಬಗೆಯೇ ಆಗಿದ್ದರೆ ಮಲ್ಟಿಮೀಟರಿನಲ್ಲಿ ಅಳೆಯುವುದು ಸುಲಭ. ಡಿಮ್ಮರ್ ಪ್ಲಗ್ ಹಾಕಿರುವಾಗಲೇ ಅದರ ಹಿಂಬದಿಯಿಂದ ಕೆಂಪು ಮುಳ್ಳನ್ನು ರಿಟರ್ನ್ ವೈರಿಗೆ ತಾಗಿಸಿ, ಕಪ್ಪು ಮುಳ್ಳನ್ನು ಬಣ್ಣವಿಲ್ಲದ ಬಾಡಿ ಲೋಹಕ್ಕೆ ಹಿಡಿಯಿರಿ. ಪೂರ್ತಿ ಬೆಳಕಿನಲ್ಲಿ ಅಲ್ಲಿ ಸೊನ್ನೆಯ ಹತ್ತಿರ ತೋರಿಸಬೇಕು. ಚಕ್ರ ತಿರುಗಿಸಿ ಬೆಳಕು ತಗ್ಗಿಸಿದಂತೆ ವೋಲ್ಟೇಜ್ ಏರುತ್ತ ಹೋಗಬೇಕು. ಚಕ್ರ ಎಲ್ಲಿದ್ದರೂ ಸೊನ್ನೆಯೇ ಬರುತ್ತಿದ್ದರೆ ಪ್ಲಗ್ ಕಿತ್ತು ಮತ್ತೊಮ್ಮೆ ನೋಡಿ. ಆಗಲೂ ಸೊನ್ನೆಯಾದರೆ ರಿಟರ್ನ್ ವೈರಿಗೆ ಎಲ್ಲೋ ಕಳ್ಳ ಅರ್ತ್ ಸಿಕ್ಕಿದೆ.

ಏರ್‌ಬ್ಯಾಗ್ ಇರುವ ಕಾರಾದರೆ ಸ್ಟಿಯರಿಂಗ್ ಸುತ್ತಲಿನ ಕವಚ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತೆಗೆದು, ತಯಾರಕರ ಕೈಪಿಡಿ ಹೇಳಿದಷ್ಟು ಹೊತ್ತು ಕಾಯಿರಿ. ಏರ್‌ಬ್ಯಾಗಿನ ಹಳದಿ ಹೊದಿಕೆಯ ವೈರುಗಳಿಗೆ ಮಲ್ಟಿಮೀಟರ್ ಮುಳ್ಳು ಸೋಕಿಸಲೇಬೇಡಿ.

ಮಂಗಳೂರಿನಿಂದ

ಮೇಲಿನವರು ಹೇಳಿದ ಪರೀಕ್ಷೆಗೆ ನಾನು ಸೇರಿಸುವುದೇನೂ ಇಲ್ಲ. ಆದರೆ ಇದೇ ಪ್ರಶ್ನೆಯನ್ನು ಓದುವವರಲ್ಲಿ ತದ್ವಿರುದ್ಧ ತೊಂದರೆ ಇರುವವರೂ ಇರುತ್ತಾರೆ, ಅಂದರೆ ಮೀಟರ್ ದೀಪ ಮಂಕಾಗಿ ಉರಿಯುವುದು, ಹೊಂಡಕ್ಕೆ ಇಳಿದಾಗ ಮಿಣುಕುವುದು, ಇಲ್ಲವೇ ಪೂರ್ತಿ ಕತ್ತಲಾಗುವುದು. ನಮ್ಮ ಕರಾವಳಿಯ ಉಪ್ಪುಗಾಳಿಗೆ ತಾಮ್ರದ ಸಂಪರ್ಕಗಳೆಲ್ಲ ಹಸಿರು ಕಿಲುಬು ಕಟ್ಟುವುದರಿಂದ ಇಲ್ಲಿ ಈ ಬಗೆಯೇ ಹೆಚ್ಚು.

ಇದರಲ್ಲಿ ಮಲ್ಟಿಮೀಟರ್ ದಾರಿ ತಪ್ಪಿಸುವ ಒಂದು ಜಾಗವಿದೆ. ಬಲ್ಬನ್ನು ಹೊರತೆಗೆದು ಖಾಲಿ ಹೋಲ್ಡರಿನಲ್ಲಿ ಅಳೆದಾಗ 12 ವೋಲ್ಟ್ ಪೂರ್ತಿ ಬರುತ್ತದೆ, ಬಲ್ಬ್ ಹಾಕಿದರೆ ಉರಿಯುವುದಿಲ್ಲ. ಮಲ್ಟಿಮೀಟರ್ ಎಳೆಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆಯಾದ್ದರಿಂದ ಕಿಲುಬು ಹಿಡಿದ ಸಂಪರ್ಕದಲ್ಲಿ ಅದಕ್ಕೆ ತಡೆಯೇ ಕಾಣಿಸುವುದಿಲ್ಲ. ಆರು ಬಲ್ಬುಗಳು ಸೇರಿ ಒಂದೂವರೆ ಆಂಪಿಯರ್ ಕೇಳಿದಾಗ ಮಾತ್ರ ವೋಲ್ಟೇಜ್ ಅಲ್ಲೇ ಕುಸಿಯುತ್ತದೆ. ಆದ್ದರಿಂದ ಬಲ್ಬುಗಳು ತಮ್ಮ ಜಾಗದಲ್ಲಿದ್ದು, ಪಾರ್ಕಿಂಗ್ ಲೈಟ್ ಹಾಕಿರುವಾಗಲೇ ಅಳೆಯಬೇಕು. ಡಿಮ್ಮರನ್ನು ಪೂರ್ತಿ ಬೆಳಕಿಗೆ ತಿರುಗಿಸಿ ಅದರ ಎರಡು ತುದಿಗಳ ನಡುವೆ ನೇರವಾಗಿ ಮಲ್ಟಿಮೀಟರ್ ಹಿಡಿದರೆ ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದೆಂಬುದು ನಾನು ಪಾಲಿಸುವ ಅಳತೆ. ಮೂರೋ ನಾಲ್ಕೋ ವೋಲ್ಟ್ ತೋರಿಸಿದರೆ ದೋಷ ಡಿಮ್ಮರಿನೊಳಗೇ ಇದೆ. ಅಲ್ಲಿ ಸರಿಯಾಗಿದ್ದರೆ ಮುಂದಿನ ಜೋಡಣೆಯ ಎರಡು ಬದಿಗೆ, ಆಮೇಲೆ ಅರ್ತ್ ಬೋಲ್ಟಿನ ಎರಡು ಬದಿಗೆ ಇದೇ ರೀತಿ ಹಿಡಿಯುತ್ತ ಹೋದರೆ ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂಬುದು ತಾನಾಗಿ ಗೊತ್ತಾಗುತ್ತದೆ.

ಒಂದೇ ಮೂಲೆ ಕತ್ತಲಾಗಿದ್ದರೆ ಡಿಮ್ಮರಿನ ತಂಟೆಗೆ ಹೋಗಬೇಕಿಲ್ಲ, ಅದು ಬಲ್ಬು ಅಥವಾ ಮೀಟರ್ ಬೋರ್ಡಿನ ಹಿಂದಿನ ತೆಳು ತಾಮ್ರದ ಹಾಳೆಯ ದೋಷ. ಹಿಂದಿನ ದೀಪವೂ ನಂಬರ್ ಪ್ಲೇಟ್ ದೀಪವೂ ಜೊತೆಗೆ ಆರಿದ್ದರೆ ಫ್ಯೂಸ್ ನೋಡಿ. ಹೊಸ ಫ್ಯೂಸ್ ಹಾಕಿದೊಡನೆ ಮತ್ತೆ ಹೋಗುತ್ತಿದ್ದರೆ ಕೆಂಪು 10 ಆಂಪಿಯರಿನ ಜಾಗಕ್ಕೆ ಹಳದಿ 20 ಆಂಪಿಯರಿನದನ್ನು ತುರುಕುವ ಕೆಲಸ ಯಾರೂ ಮಾಡಬಾರದು. ಆಗ ಫ್ಯೂಸಿನ ಬದಲು ವೈರು ಸುಡುತ್ತದೆ.

ಸಾಗರದಿಂದ, ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಡಿಮ್ಮರಿನ ಪ್ಲಗ್ ಕಿತ್ತೆ. ದೀಪಗಳು ಆರಲಿಲ್ಲ, ಬೆಳಕಿನಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಪ್ಲಗ್ಗಿನಲ್ಲಿ ಎರಡೇ ವೈರುಗಳಿವೆ. ಒಂದು ಕಪ್ಪಗಿದ್ದು ಬಾಡಿಗೆ ಹೋಗಿದೆ. ಇನ್ನೊಂದರಲ್ಲಿ ಪಾರ್ಕಿಂಗ್ ಲೈಟ್ ಉರಿಯುತ್ತಿರುವಾಗಲೂ 0.04 ವೋಲ್ಟ್ ಮಾತ್ರ ಬರುತ್ತಿದೆ. ಡಿಮ್ಮರನ್ನು ಮೇಜಿನ ಮೇಲಿಟ್ಟು ಓಮ್ ಅಳೆದಾಗ ಒಂದು ತುದಿಯಲ್ಲಿ ಸೊನ್ನೆಯ ಹತ್ತಿರ, ಇನ್ನೊಂದು ತುದಿಯಲ್ಲಿ ಹತ್ತರ ಆಸುಪಾಸು ತೋರಿಸುತ್ತದೆ; ಮಧ್ಯದಲ್ಲಿ ಅಂಕೆ ಜಿಗಿಯುತ್ತದೆ. ಇನ್ನು ಎಲ್ಲಿಂದ ಹುಡುಕಬೇಕು? ಇಡೀ ಡ್ಯಾಶ್‌ಬೋರ್ಡ್ ಬಿಚ್ಚಬೇಕೇ?

ಹುಬ್ಬಳ್ಳಿಯಿಂದ, ಆಟೋ ಎಲೆಕ್ಟ್ರಿಷಿಯನ್

ಬಿಚ್ಚುವ ಅಗತ್ಯವಿಲ್ಲ, ಸರ್. ಡಿಮ್ಮರ್ ಶಾರ್ಟ್ ಆಗಿಲ್ಲ ಎಂಬುದು ನಿಮ್ಮ ಓಮ್ ಅಳತೆಯಿಂದಲೇ ಸಿದ್ಧವಾಯಿತು. ಡಿಮ್ಮರನ್ನು ಈಗಿರುವಂತೆ ಹೊರಗೇ ಇಟ್ಟು, ಪಾರ್ಕಿಂಗ್ ಲೈಟ್ ಉರಿಸಿಕೊಂಡು ಸ್ಟೀರಿಯೊದ ಪ್ಲಗ್ ಕೀಳಿ. ಆಮೇಲೂ ದೀಪ ಉರಿಯುತ್ತಿದ್ದರೆ ಸಿಗರೇಟ್ ಲೈಟರಿನ ದೀಪ, ಆಶ್‌ಟ್ರೇ ದೀಪ, ಎಸಿ ಫಲಕ ಹೀಗೆ ಒಂದೊಂದನ್ನೇ ಬೇರ್ಪಡಿಸುತ್ತ ಬನ್ನಿ. ನನ್ನ ಅನುಮಾನ ಮಾತ್ರ ಸ್ಟೀರಿಯೊ ಮೇಲೆಯೇ ಇದೆ, ಕಾರಣ ಹೇಳುತ್ತೇನೆ.

ಈ ಬಗೆಯ ಕಾರುಗಳ ಮೂಲ ಸ್ಟೀರಿಯೊ ಪ್ಲಗ್ಗಿನಲ್ಲಿ ಗುಂಡಿಗಳ ದೀಪಕ್ಕೆಂದು ಎರಡು ವೈರು ಕೊಟ್ಟಿರುತ್ತಾರೆ: ಒಂದು ಪಾರ್ಕಿಂಗ್ ಲೈಟಿನಿಂದ ಬರುವ ಪಾಸಿಟಿವ್, ಇನ್ನೊಂದು ಡಿಮ್ಮರಿಗೆ ಹೋಗುವ ರಿಟರ್ನ್. ಹೊರಗಿನಿಂದ ಕೊಂಡು ಹಾಕುವ ಸ್ಟೀರಿಯೊಗೆ ಪಾಸಿಟಿವ್ ಒಂದೇ ಸಾಕು. ಸಾಮಾನ್ಯವಾಗಿ ಕಿತ್ತಳೆ ಬಣ್ಣದ ವೈರು ಅದಕ್ಕಾಗಿ ಇರುತ್ತದೆ. ರಿಟರ್ನ್ ವೈರಿಗೆ ಅಲ್ಲಿ ಕೆಲಸವೇ ಇಲ್ಲ. ಆದರೆ ಕೂರಿಸುವವನು ಅರ್ತ್ ಹುಡುಕುತ್ತ ಮಲ್ಟಿಮೀಟರನ್ನು ಸಂಪರ್ಕವಿದ್ದರೆ ಬೀಪ್ ಸದ್ದು ಮಾಡುವಂತೆ ಇಟ್ಟು ನೋಡುವಾಗ ಡಿಮ್ಮರ್ ಪೂರ್ತಿ ಬೆಳಕಿನ ತುದಿಯಲ್ಲಿದ್ದರೆ, ಆ ರಿಟರ್ನ್ ವೈರು ಡಿಮ್ಮರಿನ ಮೂಲಕ ಬಾಡಿಗೆ ಸೇರಿರುವುದರಿಂದ ಅಪ್ಪಟ ಅರ್ತಿನಂತೆಯೇ ಬೀಪ್ ಕೊಡುತ್ತದೆ. ಅವನು ಸ್ಟೀರಿಯೊದ ಕಪ್ಪು ವೈರನ್ನು ಅದಕ್ಕೆ ಸುತ್ತಿ ಟೇಪ್ ಹಾಕುತ್ತಾನೆ. ಹಾಡು ಬರುತ್ತದೆ, ಗಿರಾಕಿ ಹಣ ಕೊಟ್ಟು ಹೋಗುತ್ತಾನೆ. ಸ್ಟೀರಿಯೊದ ತಗಡಿನ ಪೆಟ್ಟಿಗೆ ಬ್ರಾಕೆಟ್ ಸ್ಕ್ರೂಗಳ ಮೂಲಕವೂ ಆಂಟೆನಾ ಕೇಬಲಿನ ಹೊರ ಜಾಲರಿಯ ಮೂಲಕವೂ ಬಾಡಿಗೆ ತಾಗಿರುವುದರಿಂದ, ಕಪ್ಪು ವೈರಿನ ಜೊತೆ ಕಟ್ಟಿದ ರಿಟರ್ನ್ ವೈರು ಆ ದಾರಿಯಲ್ಲಿ ನೇರ ಅರ್ತ್ ಆಗಿಬಿಡುತ್ತದೆ. ಡಿಮ್ಮರಿನ ಪಾಲಿಗೆ ಇದು ಟೋಲ್ ಗೇಟಿನ ಪಕ್ಕದಲ್ಲಿ ಪುಕ್ಕಟೆ ರಸ್ತೆ ತೆರೆದಂತೆ.

ಹಾಗೆ ಕಂಡರೆ ಎರಡನ್ನೂ ಬಿಡಿಸಿ, ಸ್ಟೀರಿಯೊದ ಕಪ್ಪು ವೈರಿಗೆ ಬಾಡಿಯ ಬೋಲ್ಟಿನಿಂದ ಪ್ರತ್ಯೇಕ ಅರ್ತ್ ಕೊಡಿ. ರಿಟರ್ನ್ ವೈರಿನ ತುದಿಗೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ಹಾಕಿ, ಯಾವುದಕ್ಕೂ ತಾಗದಂತೆ ಹಿಂದಕ್ಕೆ ಮಡಚಿ ಕಟ್ಟಿ. ಬರೀ ಇನ್ಸುಲೇಷನ್ ಟೇಪ್ ಬೇಡ. ಬೇಸಿಗೆಯ ಬಿಸಿಲಿಗೆ ಅದರ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ.

ಬೆಂಗಳೂರಿನಿಂದ

ಹೊಸ ಕಾರು ಇಟ್ಟುಕೊಂಡವರಿಗಾಗಿ ಒಂದು ಮಾತು. ಈಚಿನ ಬಹುತೇಕ ಕಾರುಗಳಲ್ಲಿ ಮೀಟರ್ ದೀಪದ ಕರೆಂಟು ಆ ಚಕ್ರದ ಮೂಲಕ ಹಾದುಹೋಗುವುದೇ ಇಲ್ಲ. ಚಕ್ರ ಅಥವಾ ಗುಂಡಿ ಸೂಚನೆಯನ್ನಷ್ಟೇ ಕೊಡುತ್ತದೆ. ದೀಪ ಮುಂತಾದವನ್ನು ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ, ಅಂದರೆ ಬಾಡಿ ಕಂಟ್ರೋಲ್ ಮಾಡ್ಯೂಲ್, ಅಥವಾ ಮೀಟರ್ ಬೋರ್ಡೇ ಅದನ್ನು ಓದಿ ದೀಪಗಳನ್ನು ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸಿ ಬೆಳಕು ತಗ್ಗಿಸುತ್ತದೆ. ಅಂಥ ವೈರಿನಲ್ಲಿ ಮಲ್ಟಿಮೀಟರ್ 6 ವೋಲ್ಟ್ ತೋರಿಸಿದರೆ ಅದು ಸರಾಸರಿ, ಅರ್ಧ ಸಮಯ ಪೂರ್ತಿ 12 ಇದ್ದು ಉಳಿದರ್ಧ ಸೊನ್ನೆ ಇದೆ ಎಂದು ತಿಳಿಯಬೇಕು. ವೋಲ್ಟೇಜ್ ಸೋರಿದೆ ಎಂದು ಗಾಬರಿಯಾಗಬಾರದು. ಇಲ್ಲಿ ಪ್ಲಗ್ ಕೀಳುವ ಪರೀಕ್ಷೆಯೂ ನಡೆಯುವುದಿಲ್ಲ. ಕಾರಿನ ಎಲೆಕ್ಟ್ರಾನಿಕ್ ಮಾಹಿತಿ ಓದುವ ಸ್ಕ್ಯಾನರ್ ಹಾಕಿ, ಚಕ್ರ ತಿರುಗಿಸಿದಾಗ ಅಂಕೆ ಬದಲಾಗುತ್ತದೆಯೇ ಎಂದು ನೋಡುವುದೇ ಸರಿಯಾದ ದಾರಿ. ಜರ್ಮನ್ ಕಾರುಗಳ ನಕ್ಷೆಯಲ್ಲಿ 58 ಎಂಬುದು ಪಾರ್ಕಿಂಗ್ ದೀಪದ ಲೈನು, 58 ಡಿ ಎಂಬುದು ಡಿಮ್ಮರ್ ದಾಟಿ ಬಂದ ಮೀಟರ್ ದೀಪದ ಲೈನು, 31 ಎಂದರೆ ಅರ್ತ್. ಡಿಐಎನ್ 72552 ಎಂಬ ಜರ್ಮನ್ ಮಾನದಂಡದ ಈ ಅಂಕೆಗಳು ಗೊತ್ತಿದ್ದರೆ ನಕ್ಷೆ ಓದುವುದು ಹಗುರವಾಗುತ್ತದೆ.

ಸಾಗರದಿಂದ, ಪ್ರಶ್ನೆ ಕೇಳಿದವರು

ಹುಬ್ಬಳ್ಳಿಯವರ ಅನುಮಾನ ನಿಜವಾಯಿತು. ಸ್ಟೀರಿಯೊ ಪ್ಲಗ್ ಕಿತ್ತೊಡನೆ ದೀಪಗಳು ಆರಿದವು. ಟೇಪ್ ಬಿಚ್ಚಿದಾಗ ಸ್ಟೀರಿಯೊದ ಕಪ್ಪು ವೈರು, ಕಾರಿನ ರಿಟರ್ನ್ ವೈರು ಮತ್ತು ಬ್ರಾಕೆಟ್ ಸ್ಕ್ರೂವಿಗೆ ಹೋದ ಇನ್ನೊಂದು ತುಂಡು ಮೂರೂ ಒಂದೇ ಗಂಟಿನಲ್ಲಿದ್ದವು. ಬೇರ್ಪಡಿಸಿ ಹೊಸ ಅರ್ತ್ ಕೊಟ್ಟೆ. ಡಿಮ್ಮರನ್ನು ಮರಳಿ ಕೂರಿಸಿದ ಮೇಲೆ ಚಕ್ರಕ್ಕೆ ಬೆಳಕು ಸ್ಪಂದಿಸುತ್ತಿದೆ, ಆದರೆ ಮಧ್ಯದಲ್ಲಿ ಮಿಣುಕುತ್ತದೆ. ಹೇಗೂ ಬಿಚ್ಚಿದ್ದೇನೆ, ಬಲ್ಬುಗಳನ್ನೆಲ್ಲ ತೆಗೆದು ಎಲ್‌ಇಡಿ ಹಾಕಿಬಿಡಲೇ?

ಹುಬ್ಬಳ್ಳಿಯಿಂದ, ಆಟೋ ಎಲೆಕ್ಟ್ರಿಷಿಯನ್

ಮಿಣುಕುವುದಕ್ಕೆ ಕಾರಣ ಮಧ್ಯದಲ್ಲಿ ಜಿಗಿಯುತ್ತಿದ್ದ ಆ ಅಂಕೆಯೇ. ನಿಮ್ಮ ಡಿಮ್ಮರಿನಲ್ಲಿ ಸುರುಳಿ ಸುತ್ತಿದ ತಡೆ ತಂತಿಯ ಮೇಲೆ ಒಂದು ಸಣ್ಣ ತಗಡಿನ ನಾಲಿಗೆ ಉಜ್ಜಿಕೊಂಡು ಓಡಾಡುತ್ತದೆ. ಬಹುಕಾಲ ಒಂದೇ ಕಡೆ ನಿಂತಿದ್ದರಿಂದ ಉಳಿದ ಸುರುಳಿಯ ಮೇಲೆ ಕಪ್ಪು ಪೊರೆ ಕಟ್ಟಿರುತ್ತದೆ. ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಚಕ್ರವನ್ನು ಈ ತುದಿಯಿಂದ ಆ ತುದಿಗೆ ಹಲವು ಸಲ ತಿರುಗಿಸಿ, ಒಣಗಲು ಬಿಟ್ಟು ಓಮ್ ಅಳೆಯಿರಿ. ಅಂಕೆ ಜಿಗಿಯದೆ ನಯವಾಗಿ ಏರಿದರೆ ಸಾಕು. ಉಪ್ಪುಕಾಗದದಿಂದ ಉಜ್ಜಬೇಡಿ, ತಂತಿ ತೀರ ತೆಳು. ತಂತಿಯೇ ತುಂಡಾಗಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿಯೋ ಶಿವಾಜಿನಗರದ ಗುಜರಿ ಅಂಗಡಿಗಳಲ್ಲಿಯೋ ಹಳೆಯದನ್ನು ಹುಡುಕಬಹುದು. ಕೊಳ್ಳುವಾಗ ಮಲ್ಟಿಮೀಟರ್ ಜೊತೆಗಿರಲಿ.

ಎಲ್‌ಇಡಿ ಈ ಡಿಮ್ಮರಿಗೆ ಹೊಂದುವುದಿಲ್ಲ. ಲೆಕ್ಕ ನೋಡಿ: 3 ವ್ಯಾಟಿನ ಆರು ಬಲ್ಬುಗಳು ಸೇರಿ 18 ವ್ಯಾಟ್, ಅಂದರೆ 12 ವೋಲ್ಟಿಗೆ ಒಂದೂವರೆ ಆಂಪಿಯರ್, ಒಟ್ಟು ತಡೆ ಸುಮಾರು 8 ಓಮ್. ಇದರ ಜೊತೆ ಡಿಮ್ಮರಿನ 10 ಓಮ್ ಸೇರಿದಾಗ ವೋಲ್ಟೇಜಿನ ಅರ್ಧಕ್ಕೂ ಹೆಚ್ಚು ಪಾಲು ಡಿಮ್ಮರಿನಲ್ಲೇ ಉಳಿದು ಬಲ್ಬು ಮಂದವಾಗುತ್ತದೆ. ಅದೇ ಜಾಗದಲ್ಲಿ ತಲಾ 20 ಮಿಲಿ ಆಂಪಿಯರಿನ ಆರು ಎಲ್‌ಇಡಿ ಹಾಕಿದರೆ ಒಟ್ಟು 0.12 ಆಂಪಿಯರ್, 10 ಓಮಿನಲ್ಲಿ ಉಳಿಯುವುದು 1.2 ವೋಲ್ಟ್ ಮಾತ್ರ. ಮತ್ತೆ ನಿಮ್ಮ ಮುಂದಿನ ಗಾಜು ಹೊಳೆಯಲು ಶುರುವಾಗುತ್ತದೆ.

ಬಲ್ಬುಗಳ ಗಾಜು ಒಳಗಿನಿಂದ ಕಪ್ಪಾಗಿದ್ದರೆ ಅಷ್ಟೇ ವ್ಯಾಟಿನ ಹೊಸ ಫಿಲಮೆಂಟ್ ಬಲ್ಬುಗಳನ್ನೇ ಹಾಕಿ. ಹಳೆಯ ಬಲ್ಬಿನ ಮೇಲೆ ಹಸಿರು ಅಥವಾ ನೀಲಿ ರಬ್ಬರ್ ಟೋಪಿ ಇದ್ದರೆ ಅದನ್ನು ಎಸೆಯದೆ ಹೊಸದಕ್ಕೆ ತೊಡಿಸಿ. ಹೆಚ್ಚು ಬೆಳಕಿನ ಆಸೆಗೆ 5 ವ್ಯಾಟಿನದು ಹಾಕಿದರೆ ಆ ಟೋಪಿಯೂ ಅದರ ಹಿಂದಿನ ಪ್ಲಾಸ್ಟಿಕ್ಕೂ ಕಾಲಕ್ರಮೇಣ ಕರಗುತ್ತವೆ.