ಸಹಾಯ ಬೇಕು: ಮೆಡಿಕಲ್ ಸ್ಕೂಲಿಗೆ ಸಿದ್ಧವಾಗುತ್ತಿರುವ ಮಗಳಿಗೆ ಯಾವ ಮೇಜರ್?

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಹಾಯೋದಲ್ಲಿ ಕಾಲೇಜಿನ ಎರಡನೆಯ ವರ್ಷದಲ್ಲಿರುವ ನನ್ನ ಮಗಳು ಈ ಸೆಮಿಸ್ಟರ್ ಮುಗಿಯುವುದರೊಳಗೆ ತನ್ನ ಮೇಜರ್ (ಪದವಿಯ ಮುಖ್ಯ ವಿಷಯ) ನಿರ್ಧರಿಸಬೇಕಾಗಿದೆ. ಪಿಯುಸಿ ಮುಗಿಸಿ, ನೀಟ್ ಬರೆದು ನೇರವಾಗಿ ಎಂಬಿಬಿಎಸ್ ಸೇರುವ ನಮ್ಮೂರಿನ ಕ್ರಮ ಇಲ್ಲಿ ಸಾಮಾನ್ಯವಾಗಿ ಇಲ್ಲ; ಮೊದಲು ಪದವಿ ಮುಗಿಸಿ, ಆಮೇಲೆ ಮೆಡಿಕಲ್ ಸ್ಕೂಲು ಸೇರಬೇಕು. ಜೀವಶಾಸ್ತ್ರ, ರಸಾಯನಶಾಸ್ತ್ರ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಭೌತಶಾಸ್ತ್ರದಂತಹ ಕಡ್ಡಾಯ ಕೋರ್ಸುಗಳನ್ನು ಲ್ಯಾಬ್ ಸಹಿತ ಮುಗಿಸಿದರೆ ಮೇಜರ್ ಯಾವುದಾದರೂ ಆಗಬಹುದು.

ಅವಳ ಒಲವು ಮನಶ್ಶಾಸ್ತ್ರದ ಕಡೆಗಿದೆ. 2015ರಿಂದ ಮೆಡಿಕಲ್ ಸ್ಕೂಲಿನ ಪ್ರವೇಶ ಪರೀಕ್ಷೆಯಾದ ಎಂಕ್ಯಾಟ್‌ನ ನಾಲ್ಕು ವಿಭಾಗಗಳಲ್ಲಿ ಒಂದು ಬಹುಪಾಲು ಮನಶ್ಶಾಸ್ತ್ರ ಮತ್ತು ಸಮಾಜಶಾಸ್ತ್ರದ್ದೇ ಆಗಿರುವುದರಿಂದ ಆ ಓದು ವ್ಯರ್ಥವಾಗದು ಎಂಬುದು ನನ್ನ ನಂಬಿಕೆ. ಅವಳ ತಂದೆಯವರು ಮಾತ್ರ ಜೀವಶಾಸ್ತ್ರವೇ ಸುರಕ್ಷಿತ ಎನ್ನುತ್ತಾರೆ. ನನ್ನನ್ನು ಕಾಡುತ್ತಿರುವ ಸಂಗತಿ ಒಂದೇ: ಅರ್ಜಿಯಲ್ಲಿ ವಿಜ್ಞಾನದ ಜಿಪಿಎಯನ್ನು (ಗ್ರೇಡುಗಳ ಸರಾಸರಿಯನ್ನು) ಪ್ರತ್ಯೇಕವಾಗಿ ಲೆಕ್ಕ ಹಾಕುವಾಗ ಮನಶ್ಶಾಸ್ತ್ರದ ಅಂಕಗಳು ಅದರಲ್ಲಿ ಸೇರುವುದಿಲ್ಲವಾದ್ದರಿಂದ, ಕೆಲವೇ ವಿಜ್ಞಾನ ಕೋರ್ಸುಗಳಿರುವವಳಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಬಂದ ಒಂದು ‘ಸಿ’ ಗ್ರೇಡ್ ಕೂಡ ದೊಡ್ಡ ಪೆಟ್ಟಾಗುತ್ತದೆ.

ವಿಜ್ಞಾನೇತರ ಮೇಜರ್ ಓದಿ ಮೆಡಿಕಲ್ ಸ್ಕೂಲು ಸೇರಿದವರು ಅಥವಾ ಅವರ ಪೋಷಕರು ಇಲ್ಲಿದ್ದರೆ, ಆರ್ಗ್ಯಾನಿಕ್ ಕೆಮಿಸ್ಟ್ರಿ ಮತ್ತು ಭೌತಶಾಸ್ತ್ರವನ್ನು ಯಾವ ಸೆಮಿಸ್ಟರುಗಳಿಗೆ ಹಂಚಿಕೊಂಡಿರಿ, ಎಂಕ್ಯಾಟ್ ಯಾವಾಗ ಬರೆದಿರಿ ಎಂಬುದನ್ನು ದಯವಿಟ್ಟು ತಿಳಿಸಿ.